ಕೊಠಡಿಯ ಗೋಡೆಗೆ ತಿಳಿಬಣ್ಣವೋ ಗಾಢಬಣ್ಣವೋ? — ಒಂದು ವಿವೇಚನೆ

ಶಾಲೆಯ ಕಟ್ಟಡಕ್ಕೆ ಬಣ್ಣ ಬಳಿಸುವ ಪ್ರಸಂಗವು ಸಾಮಾನ್ಯವಾಗಿ ಬೇಸಿಗೆಯ ರಜೆಯಲ್ಲಿ ಒದಗಿ ಬರುತ್ತದೆ. ಮಕ್ಕಳು ತಮ್ಮ ತಮ್ಮ ಊರುಗಳಿಗೆ ತೆರಳಿರುತ್ತಾರೆ. ಬೆಂಚುಗಳು ಅಂಗಳಕ್ಕೆ ಬಂದಿರುತ್ತವೆ. ಅಂಗಡಿಯಿಂದ ತಂದ ಬಣ್ಣದ ಮಾದರಿ ಪಟ್ಟಿಯನ್ನು ಮುಂದಿರಿಸಿಕೊಂಡು ಹಿರಿಯರು ಸಮಾಲೋಚನೆಗೆ ಕುಳಿತುಕೊಳ್ಳುತ್ತಾರೆ. ಗಾಢಬಣ್ಣ ಹಚ್ಚಿದರೆ ಕೊಳೆ ಕಾಣಿಸದು, ನಾಲ್ಕಾರು ವರ್ಷ ಮತ್ತೆ ಖರ್ಚಿನ ಮಾತಿಲ್ಲ ಎಂಬುದು ಒಂದು ಪಕ್ಷ. ತಿಳಿಬಣ್ಣವೇ ವಿದ್ಯಾಮಂದಿರಕ್ಕೆ ಲಕ್ಷಣ ಎಂಬುದು ಇನ್ನೊಂದು ಪಕ್ಷ. ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಆದರೆ ಆ ತೀರ್ಮಾನದ ಫಲವನ್ನು ಅನೇಕ ವರ್ಷಗಳ ಕಾಲ, ದಿನಕ್ಕೆ ಐದಾರು ಗಂಟೆಯಂತೆ, ಅನುಭವಿಸುವವರು ಆ ಸಭೆಯಲ್ಲಿ ಇಲ್ಲದ ಮಕ್ಕಳು. ಆದುದರಿಂದ ಈ ವಿಷಯವನ್ನು ಕೇವಲ ಅಭಿರುಚಿಗೆ ಬಿಟ್ಟುಕೊಡದೆ, ಬೆಳಕು, ಕಣ್ಣು, ಆರೋಗ್ಯ ಮತ್ತು ಮಿತವ್ಯಯ ಎಂಬ ನಾಲ್ಕು ದೃಷ್ಟಿಗಳಿಂದ ಪರಿಶೀಲಿಸುವುದು ಅಗತ್ಯವಾಗಿದೆ.

ತಿಳಿ ಮತ್ತು ಗಾಢ ಎಂದರೇನು?

ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಭಾಗವನ್ನು ಗೋಡೆಯು ಹೀರಿಕೊಳ್ಳುತ್ತದೆ. ಉಳಿದ ಭಾಗವನ್ನು ಕೊಠಡಿಗೆ ಹಿಂದಿರುಗಿಸುತ್ತದೆ. ಹೀಗೆ ಹಿಂದಿರುಗುವ ಬೆಳಕಿನ ಶೇಕಡಾ ಪ್ರಮಾಣಕ್ಕೆ ಪ್ರತಿಫಲನಾಂಕವೆಂದು ಹೇಳಬಹುದು. ಹೊಸದಾಗಿ ಬಳಿದ ಅಚ್ಚ ಬಿಳುಪು ಶೇಕಡಾ 80ಕ್ಕೂ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ. ಕೆನೆಬಣ್ಣ ಮತ್ತು ತಿಳಿಹಳದಿಗಳು ಸುಮಾರು 70ರ ಆಸುಪಾಸಿನಲ್ಲಿರುತ್ತವೆ. ತಿಳಿನೀಲಿ, ತಿಳಿಹಸಿರುಗಳು 50ರಿಂದ 65ರವರೆಗೆ ಇರಬಹುದು. ಇಟ್ಟಿಗೆಗೆಂಪು, ಕಡುಹಸಿರು, ಕಡುನೀಲಿಗಳಲ್ಲಿ ಈ ಪ್ರಮಾಣವು 10ರಿಂದ 20ಕ್ಕೆ ಇಳಿಯುತ್ತದೆ. ಕಪ್ಪು ಬಣ್ಣವಂತೂ ಶೇಕಡಾ 5ರಷ್ಟು ಬೆಳಕನ್ನು ಸಹ ಹಿಂದಿರುಗಿಸುವುದು ಕಷ್ಟ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಿಳಿ, ಗಾಢ ಎಂಬುವು ಬಣ್ಣದ ಜಾತಿಗಳಲ್ಲ. ಅವು ಬಣ್ಣದ ಪ್ರಮಾಣಗಳು. ನೀಲಿಯೊಂದರಲ್ಲೇ ಆಕಾಶದ ತಿಳಿನೀಲಿಯೂ ಉಂಟು, ಶಾಯಿಯ ಕಡುನೀಲಿಯೂ ಉಂಟು. ಅಮೆರಿಕೆಯ ಚಿತ್ರಕಾರರೂ ಕಲಾಶಿಕ್ಷಕರೂ ಆಗಿದ್ದ ಆಲ್ಬರ್ಟ್ ಮನ್ಸೆಲ್ ಅವರು 1905ರಲ್ಲಿ ಪ್ರಕಟಿಸಿದ ತಮ್ಮ ಪದ್ಧತಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಮೂರು ಗುಣಗಳನ್ನು ಬೇರ್ಪಡಿಸಿ ತೋರಿಸಿದರು: ಬಣ್ಣದ ಜಾತಿ, ಅದರ ತಿಳಿ ಅಥವಾ ಗಾಢತ್ವ, ಅದರ ತೀವ್ರತೆ. ಹಸಿರು ಒಳ್ಳೆಯದೋ ನೀಲಿ ಒಳ್ಳೆಯದೋ ಎಂಬ ಚರ್ಚೆಯಲ್ಲಿ ಸಭೆಗಳು ಕಾಲ ಕಳೆಯುವುದುಂಟು. ಕೊಠಡಿಯ ಬೆಳಕನ್ನು ನಿರ್ಧರಿಸುವುದು ಮೊದಲನೆಯ ಗುಣವಲ್ಲ, ಎರಡನೆಯದು. ತಿಳಿಯಾಗಿರುವವರೆಗೆ ಹಸಿರು, ನೀಲಿ, ಹಳದಿ ಯಾವುದಾದರೂ ಸರಿಯೆ.

ಬೆಳಕಿನ ಲೆಕ್ಕಾಚಾರ

ಕಿಟಕಿಯಿಂದ ಒಳಗೆ ಬಂದ ಬೆಳಕು ಒಂದೇ ಸಲ ಗೋಡೆಗೆ ತಾಗಿ ಮುಗಿದುಹೋಗುವುದಿಲ್ಲ. ಅದು ಗೋಡೆಯಿಂದ ಚಾವಣಿಗೆ, ಚಾವಣಿಯಿಂದ ಇನ್ನೊಂದು ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಪ್ರೌಢಶಾಲೆಯ ಗಣಿತದಲ್ಲಿ ಬರುವ ಗುಣೋತ್ತರ ಶ್ರೇಢಿಯು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಳಬಂದ ಬೆಳಕನ್ನು 100 ಎಂದು ಇಟ್ಟುಕೊಂಡರೆ, ಒಳಮೈಗಳೆಲ್ಲವೂ ಶೇಕಡಾ 70ರಷ್ಟನ್ನು ಹಿಂದಿರುಗಿಸುವ ಕೊಠಡಿಯಲ್ಲಿ ಅದು 100, 70, 49, 34 ಎಂದು ಮುಂದುವರಿದು ಒಟ್ಟು 333ರಷ್ಟು ಕೆಲಸ ಮಾಡುತ್ತದೆ. ಶೇಕಡಾ 20ರಷ್ಟನ್ನು ಮಾತ್ರ ಹಿಂದಿರುಗಿಸುವ ಕೊಠಡಿಯಲ್ಲಿ ಅದೇ ಬೆಳಕು 100, 20, 4 ಎಂದು ಬೇಗನೆ ಬತ್ತಿ, ಒಟ್ಟು 125ಕ್ಕೆ ನಿಂತುಬಿಡುತ್ತದೆ.

ವಾಸ್ತವದಲ್ಲಿ ಎಲ್ಲ ಮೈಗಳೂ ಒಂದೇ ಬಣ್ಣದವಾಗಿರುವುದಿಲ್ಲ. ಆದುದರಿಂದ 24 ಅಡಿ ಉದ್ದ, 20 ಅಡಿ ಅಗಲ, 11 ಅಡಿ ಎತ್ತರದ ಒಂದು ತರಗತಿ ಕೊಠಡಿಯನ್ನು ತೆಗೆದುಕೊಳ್ಳಬಹುದು. ಅದರ ಚಾವಣಿ 480 ಚದರಡಿ, ನೆಲ 480 ಚದರಡಿ, ನಾಲ್ಕು ಗೋಡೆಗಳು ಸೇರಿ 968 ಚದರಡಿ. ಚಾವಣಿಗೆ ಬಿಳಿಬಣ್ಣವಿದ್ದು ಅದು ಶೇಕಡಾ 80ರಷ್ಟನ್ನೂ, ನೆಲವು ಶೇಕಡಾ 20ರಷ್ಟನ್ನೂ ಹಿಂದಿರುಗಿಸುತ್ತವೆ ಎಂದುಕೊಳ್ಳೋಣ. ಗೋಡೆಗಳಿಗೆ ಶೇಕಡಾ 65ರ ತಿಳಿಬಣ್ಣ ಬಳಿದರೆ ಇಡೀ ಕೊಠಡಿಯ ಸರಾಸರಿ 57.5 ಆಗುತ್ತದೆ, ಶೇಕಡಾ 15ರ ಗಾಢಬಣ್ಣ ಬಳಿದರೆ 32.4ಕ್ಕೆ ಇಳಿಯುತ್ತದೆ. ಹಿಂದಿನ ಶ್ರೇಢಿಯಂತೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 100 ಪಾಲು ಬೆಳಕು 235 ಆಗುತ್ತದೆ, ಎರಡನೆಯದರಲ್ಲಿ 148 ಮಾತ್ರ. ಕಿಟಕಿಯ ತೆರಪು, ಬೆಂಚು, ಬೀರುಗಳನ್ನು ಸೇರಿಸಿಕೊಂಡರೆ ಈ ಅಂತರ ತುಸು ಕುಗ್ಗುತ್ತದೆ. ಆದರೂ ಅದೇ ಕಿಟಕಿ, ಅದೇ ಆಕಾಶ, ಅದೇ ದೀಪಗಳಿದ್ದಾಗ, ಬರಿಯ ಗೋಡೆಯ ಬಣ್ಣದಿಂದ ಹೆಚ್ಚುಕಡಿಮೆ ಒಂದೂವರೆ ಪಟ್ಟು ವ್ಯತ್ಯಾಸವಾಗುತ್ತದೆ ಎಂಬುದು ಸಾಮಾನ್ಯ ಸಂಗತಿಯಲ್ಲ.

ಕಿಟಕಿಯಿಂದ ದೂರ ಕುಳಿತ ವಿದ್ಯಾರ್ಥಿ

ಈ ವ್ಯತ್ಯಾಸವು ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದೇ ಈ ವಿಷಯದ ಮುಖ್ಯ ಮರ್ಮ. ಕಟ್ಟಡ ವಿಜ್ಞಾನಿಗಳು ಕೊಠಡಿಯೊಳಗಿನ ಹಗಲಿನ ಬೆಳಕನ್ನು ಮೂರು ಭಾಗವಾಗಿ ವಿಂಗಡಿಸುತ್ತಾರೆ. ಆಕಾಶದಿಂದ ನೇರವಾಗಿ ಬರುವುದು ಒಂದು. ಹೊರಗಿನ ನೆಲ, ಎದುರು ಕಟ್ಟಡಗಳಿಂದ ಪ್ರತಿಫಲಿಸಿ ಬರುವುದು ಇನ್ನೊಂದು. ಕೊಠಡಿಯ ಒಳಮೈಗಳಿಂದಲೇ ಪುಟಿದು ಬರುವುದು ಮೂರನೆಯದು. ಕಿಟಕಿಯ ಬಳಿ ಕುಳಿತವನಿಗೆ ಮೊದಲನೆಯ ಭಾಗವೇ ಧಾರಾಳವಾಗಿ ದೊರೆಯುತ್ತದೆ. ಅವನಿಗೆ ಗೋಡೆಯ ಬಣ್ಣ ಯಾವುದಾದರೂ ಅಷ್ಟೇ. ಕಿಟಕಿಯಿಂದ ದೂರದ ಮೂಲೆಯಲ್ಲಿ, ಕೊನೆಯ ಬೆಂಚಿನಲ್ಲಿ ಕುಳಿತವನಿಗೆ ಆಕಾಶದ ತುಣುಕು ಸಹ ಕಾಣಿಸದಿರಬಹುದು. ಅವನ ಪುಸ್ತಕದ ಮೇಲೆ ಬೀಳುವ ಬೆಳಕಿನಲ್ಲಿ ಬಹುಪಾಲು ಮೂರನೆಯ ಭಾಗವೇ ಆಗಿರುತ್ತದೆ. ಅವನ ಪಾಲಿಗೆ ಗೋಡೆಯೇ ಕಿಟಕಿ. ಆ ಗೋಡೆಗೆ ಗಾಢಬಣ್ಣ ಬಳಿಯುವುದೆಂದರೆ ಅವನ ಕಿಟಕಿಯನ್ನು ಮುಚ್ಚಿದಂತೆಯೇ ಸರಿ.

ಭಾರತದಲ್ಲಿ ಹಗಲು ಬೆಳಕಿನ ವಿನ್ಯಾಸಕ್ಕೆಂದು ಹೊರಗಿನ ಆಕಾಶದ ಬೆಳಕನ್ನು 8000 ಲಕ್ಸ್ ಎಂದು ಗ್ರಹಿಸಿ ಲೆಕ್ಕ ಹಾಕುವ ರೂಢಿಯಿದೆ. ಅದರಲ್ಲಿ ಶೇಕಡಾ 1ರಷ್ಟು ಮೇಜಿನ ಮೇಲೆ ಬಿದ್ದರೆ 80 ಲಕ್ಸ್ ಆಯಿತು. ತರಗತಿಯಲ್ಲಿ ಓದು ಬರಹಕ್ಕೆ ಸಾಮಾನ್ಯವಾಗಿ 300 ಲಕ್ಸ್ ಬೆಳಕನ್ನು ಅಪೇಕ್ಷಿಸಲಾಗುತ್ತದೆ. ಕಿಟಕಿಯ ಬಳಿ ಇದು ಸುಲಭಸಾಧ್ಯ, ಒಳಮೂಲೆಯಲ್ಲಿ ದುರ್ಲಭ. ಯೂರೋಪಿನ ದೀಪಾಲಂಕರಣ ಮಾನಕವು ಇದನ್ನು ಮನಗಂಡೇ 2011ರ ಆವೃತ್ತಿಯಲ್ಲಿ ಚಾವಣಿಗೆ ಶೇಕಡಾ 70ರಿಂದ 90, ಗೋಡೆಗೆ 50ರಿಂದ 80, ನೆಲಕ್ಕೆ 20ರಿಂದ 40 ಪ್ರತಿಫಲನವಿರಲೆಂದು ಸೂಚಿಸಿತು. ಮೇಲಿನಿಂದ ಕೆಳಕ್ಕೆ ಬಂದಂತೆ ಬಣ್ಣವು ಕ್ರಮೇಣ ಗಾಢವಾಗುತ್ತ ಬರಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ. ಮೇಲೆ ಬಿಳಿಯ ಆಕಾಶ, ಕೆಳಗೆ ಕಂದು ನೆಲ ಎಂಬ ಪ್ರಕೃತಿಯ ಕ್ರಮವೂ ಇದೇ ಅಲ್ಲವೆ?

ಕಣ್ಣಿನ ಸ್ವಭಾವ

ಬಣ್ಣ ಬಳಿದ ಮೇಲೆ ನೋಡಲು ಬಂದ ಹಿರಿಯರು ಕೊಠಡಿಯ ನಡುವೆ ನಿಂತು, ಬೆಳಕು ಸಾಕಷ್ಟಿದೆ ಎಂದು ಸಮಾಧಾನ ಪಡುವುದುಂಟು. ಇದರಲ್ಲಿ ಅವರ ತಪ್ಪಿಲ್ಲ. ಬೆಳಕು ಇಮ್ಮಡಿಯಾದರೂ ಕಣ್ಣಿಗೆ ಅದು ಇಮ್ಮಡಿಯಾಯಿತೆಂದು ತೋರುವುದಿಲ್ಲ. ಅರ್ಧಕ್ಕೆ ಇಳಿದರೂ ಅರ್ಧವಾಯಿತೆಂದು ತಿಳಿಯುವುದಿಲ್ಲ. ಕಣ್ಣು ಹೊಂದಿಕೊಂಡುಬಿಡುತ್ತದೆ. ಕೊರತೆಯು ಕಾಣಿಸಿಕೊಳ್ಳುವುದು ಸಣ್ಣ ಅಕ್ಷರವನ್ನು ಓದುವಾಗ, ಭೂಪಟದಲ್ಲಿ ಊರಿನ ಹೆಸರನ್ನು ಹುಡುಕುವಾಗ, ಸೂಜಿಗೆ ದಾರ ಪೋಣಿಸುವಾಗ. ಆದುದರಿಂದ ಕೊಠಡಿಯ ಬೆಳಕನ್ನು ನಡುವೆ ನಿಂತು ಅಳೆಯಬಾರದು; ಕತ್ತಲೆಯ ಮೂಲೆಯಲ್ಲಿ ಕುಳಿತು, ಮಗುವಿನ ಪಠ್ಯಪುಸ್ತಕವನ್ನು ತೆರೆದು ಅಳೆಯಬೇಕು.

ಕಣ್ಣಿನ ಇನ್ನೊಂದು ಸ್ವಭಾವವೆಂದರೆ ಹೋಲಿಸಿ ನೋಡುವುದು. ಫ್ರಾನ್ಸಿನ ರಸಾಯನವಿಜ್ಞಾನಿ ಷೆವ್ರೊಲ್ ಅವರು ಪ್ಯಾರಿಸ್ಸಿನ ಗೊಬ್ಲಾ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ವಿಭಾಗದ ಮುಖ್ಯಸ್ಥರಾಗಿದ್ದರು. ಅಲ್ಲಿಯ ಕಪ್ಪು ಬಣ್ಣದಲ್ಲಿ ಕಸುವಿಲ್ಲ ಎಂಬ ದೂರು ಅವರ ಬಳಿಗೆ ಬಂದಿತು. ಪರೀಕ್ಷಿಸಿದಾಗ ದೋಷ ಬಣ್ಣದಲ್ಲಿರದೆ, ಅದರ ಪಕ್ಕದ ಬಣ್ಣಗಳಲ್ಲಿದ್ದುದು ಕಂಡುಬಂದಿತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಾಯಿಸಿ ತೋರಿಸುತ್ತವೆ ಎಂಬ ಈ ನಿಯಮವನ್ನು ಅವರು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಕೊಠಡಿಯ ಮಟ್ಟಿಗೆ ಇದರ ಅನ್ವಯ ಹೀಗೆ: ಪ್ರಖರವಾದ ಕಿಟಕಿಯ ಸುತ್ತ ಗಾಢಬಣ್ಣದ ಗೋಡೆಯಿದ್ದರೆ ಕಿಟಕಿ ಇನ್ನಷ್ಟು ಪ್ರಖರವಾಗಿ ಕಣ್ಣು ಕೋರೈಸುತ್ತದೆ, ಗೋಡೆ ಇನ್ನಷ್ಟು ಕಪ್ಪಾಗಿ ತೋರುತ್ತದೆ. ಆದುದರಿಂದ ಕಿಟಕಿಯಿರುವ ಗೋಡೆಯೇ ಎಲ್ಲಕ್ಕಿಂತ ತಿಳಿಯಾಗಿರುವುದು ಲೇಸು. ಬೆಳಕು ಹೇಗೂ ಅಲ್ಲಿಂದಲೇ ಬರುತ್ತದೆ, ಆ ಗೋಡೆಗೆ ಗಾಢಬಣ್ಣವಿದ್ದರೂ ಚಿಂತೆಯಿಲ್ಲ ಎಂಬ ಸಾಮಾನ್ಯ ಭಾವನೆಗೆ ಇದು ವಿರುದ್ಧವಾದರೂ ಸತ್ಯ.

ತಿಳಿಬಣ್ಣವು ಕೊಠಡಿಯನ್ನು ದೊಡ್ಡದಾಗಿ ತೋರಿಸುತ್ತದೆ ಎಂಬ ಮಾತು ಬಹಳ ಹಳೆಯದು. ಎತ್ತರದ ಮಟ್ಟಿಗೆ ಇದಕ್ಕೆ ಆಧಾರವೂ ಇದೆ. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಾವಣಿ ತಿಳಿಯಾದಷ್ಟೂ ಕೊಠಡಿ ಎತ್ತರವಾಗಿ ತೋರಿತು. ಗೋಡೆಗಳು ತಿಳಿಯಾದಾಗಲೂ ಹಾಗೆಯೇ ತೋರಿತು. ನೆಲದ ಬಣ್ಣದಿಂದ ಮಾತ್ರ ಯಾವ ವ್ಯತ್ಯಾಸವೂ ಆಗಲಿಲ್ಲ. ತಗ್ಗಾದ ಚಾವಣಿಯ ಕೊಠಡಿಗಳಿಗೆ ಇದು ಉಪಯುಕ್ತವಾದ ತಿಳಿವಳಿಕೆ.

ಆದರೆ ತಿಳಿಬಣ್ಣಕ್ಕೂ ಮಿತಿಯಿದೆ. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹೊಳಪಿನ ಬಿಳಿ ಎಣ್ಣೆಬಣ್ಣ ಹಚ್ಚಿದರೆ ಅದು ಕನ್ನಡಿಯಂತೆ ಕಣ್ಣನ್ನು ಚುಚ್ಚುತ್ತದೆ. ಅಂತಹ ಕಡೆ ಅಚ್ಚಬಿಳುಪಿಗಿಂತ ಕೆನೆಬಣ್ಣವೂ, ಹೊಳಪಿಗಿಂತ ಹೊಳಪಿಲ್ಲದ ಮೈಯೂ ಉತ್ತಮ.

ಗಾಢಬಣ್ಣಕ್ಕೆ ಸಲ್ಲುವ ಸ್ಥಾನ

ಇಷ್ಟರಿಂದ ಗಾಢಬಣ್ಣವು ತ್ಯಾಜ್ಯವೆಂದು ಭಾವಿಸಬಾರದು. ಪ್ರತಿಯೊಂದು ತರಗತಿಯಲ್ಲಿಯೂ ಅತ್ಯಂತ ಗೌರವದ ಸ್ಥಾನದಲ್ಲಿರುವ ವಸ್ತುವೇ ಕಪ್ಪು ಬಣ್ಣದ್ದು. ಕರಿಹಲಗೆಯ ಮೇಲೆ ಸೀಮೆಸುಣ್ಣದ ಬಿಳಿ ಅಕ್ಷರ ಎದ್ದು ಕಾಣುವುದು ಹಲಗೆ ಗಾಢವಾಗಿರುವುದರಿಂದಲೇ. ಹಲಗೆ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದರೆ ಹಿಂದಿನ ಬೆಂಚಿನವರಿಗೆ ಅಕ್ಷರ ಕರಗಿಹೋಗುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಪ್ರಾಥಮಿಕ ಶಾಲೆಗಳ ಕನಿಷ್ಠ ಸೌಲಭ್ಯಗಳಿಗಾಗಿ 1987ರಲ್ಲಿ ಆರಂಭವಾದ ಯೋಜನೆಗೆ ಕರಿಹಲಗೆಯ ಹೆಸರನ್ನೇ ಇಟ್ಟುದು ಆ ವಸ್ತುವಿನ ಮಹತ್ತ್ವವನ್ನು ಸೂಚಿಸುತ್ತದೆ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯ ತರಗತಿಗಳಲ್ಲಿ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಂತೆ ಕಪ್ಪುಪಟ್ಟಿ ಬಳಿದು, ಅವರೇ ಬರೆಯಲು ಅವಕಾಶ ಕಲ್ಪಿಸಲಾಯಿತು. ಗಾಢಬಣ್ಣವನ್ನು ಕೊಳೆ ಮುಚ್ಚಲು ಉಪಯೋಗಿಸುವುದಕ್ಕೂ ಅಕ್ಷರ ತೋರಿಸಲು ಉಪಯೋಗಿಸುವುದಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ಕೆಲಸ ಮಾಡುವ ಕಣ್ಣಿಗೆ ಗಾಢಬಣ್ಣವೇ ವಿಶ್ರಾಂತಿ ನೀಡಿದ ಇನ್ನೊಂದು ಉದಾಹರಣೆಯೂ ಇದೆ. ಒಂದು ಕಾಲಕ್ಕೆ ಶಸ್ತ್ರಚಿಕಿತ್ಸೆಯ ಕೊಠಡಿಗಳು ಸಂಪೂರ್ಣವಾಗಿ ಬಿಳಿಯಾಗಿರುತ್ತಿದ್ದವು. ಗಾಯದ ಕೆಂಪಿನಿಂದ ಕಣ್ಣೆತ್ತಿದ ವೈದ್ಯರಿಗೆ ಬಿಳಿಗೋಡೆ ಕಣ್ಣು ಕೋರೈಸುತ್ತಿತ್ತು. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಸ್ತ್ರವೈದ್ಯ ಹ್ಯಾರಿ ಶರ್ಮನ್ ಅವರು ತಮ್ಮ ಶಸ್ತ್ರಚಿಕಿತ್ಸಾ ಕೊಠಡಿಗೆ ಸೊಪ್ಪಿನ ಹಸಿರನ್ನು ಹಚ್ಚಿಸಿದರು. ಕೆಂಪಿಗೆ ಪೂರಕವಾದ ಹಸಿರು ಕಣ್ಣಿನ ದಣಿವನ್ನು ತಗ್ಗಿಸಿತು. ಅಲ್ಲಿ ಪ್ರಖರವಾದ ದೀಪ ನೇರವಾಗಿ ಕೆಲಸದ ಮೇಲೆಯೇ ಬೀಳುವುದರಿಂದ ಗೋಡೆಯಿಂದ ಬೆಳಕನ್ನು ಬೇಡುವ ಅಗತ್ಯವಿರಲಿಲ್ಲ. ಕೊಠಡಿಯ ಉಪಯೋಗವೇ ಅದರ ಬಣ್ಣವನ್ನು ನಿರ್ಧರಿಸಬೇಕೆಂಬುದಕ್ಕೆ ಇದು ನಿದರ್ಶನ. ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಹೇಳುವ ಕೊಠಡಿಗಳಲ್ಲಿ ಪರದೆಯ ಸುತ್ತಲಿನ ಗೋಡೆ ತುಸು ಗಾಢವಾಗಿರುವುದು ಹಿತಕರ.

ದೃಷ್ಟಿ ಮಂದವಾಗಿರುವ ಮಕ್ಕಳಿಗೂ ಗಾಢಬಣ್ಣ ಮಾರ್ಗದರ್ಶಕವಾಗುತ್ತದೆ. ಗೋಡೆ, ಬಾಗಿಲು, ಚೌಕಟ್ಟು ಎಲ್ಲಕ್ಕೂ ಒಂದೇ ತಿಳಿಬಣ್ಣವಿದ್ದರೆ ಅವರಿಗೆ ಬಾಗಿಲು ಗೋಚರಿಸುವುದಿಲ್ಲ. ಬ್ರಿಟಿಷ್ ಮಾನಕವು ಇಂತಹ ಕಡೆ ಎರಡು ಮೈಗಳ ಪ್ರತಿಫಲನಾಂಕಗಳಲ್ಲಿ 30ರಷ್ಟಾದರೂ ಅಂತರವಿರಲೆಂದು ಹೇಳುತ್ತದೆ. ತಿಳಿಗೋಡೆಗೆ ಗಾಢವಾದ ಬಾಗಿಲು ಚೌಕಟ್ಟು, ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಪಟ್ಟಿ, ಇವುಗಳಿಗೆ ತಗಲುವ ಹೆಚ್ಚಿನ ಖರ್ಚು ಅತ್ಯಲ್ಪ.

ಹಿರಿಯರು ಕಂಡುಕೊಂಡ ಕ್ರಮ

ನಾಡಿನ ಹಳೆಯ ಮನೆಗಳನ್ನು ಸೂಕ್ಷ್ಮವಾಗಿ ಗಮನಿಸಿದರೆ ಈ ತತ್ತ್ವಗಳು ಅಲ್ಲಿ ಆಗಲೇ ಆಚರಣೆಯಲ್ಲಿದ್ದುದು ತಿಳಿದುಬರುತ್ತದೆ. ಉತ್ತರ ಕರ್ನಾಟಕದ ದಪ್ಪಗೋಡೆಯ ಮಾಳಿಗೆಮನೆಗಳಲ್ಲಿ ಕಿಟಕಿಗಳು ಕಿರಿದು. ಬೆಳಕು ಬರುತ್ತಿದ್ದುದು ಬಹುಮಟ್ಟಿಗೆ ಮಾಳಿಗೆಯ ಬೆಳಕಿಂಡಿಯಿಂದ. ಹಬ್ಬದ ಮುನ್ನ ಗೋಡೆಗೆ ಸುಣ್ಣ ಬಳಿಯುವ ಪದ್ಧತಿಯು ಶುಭದ ಸಂಕೇತವಾಗಿದ್ದಂತೆ, ಆ ಕಿರುಬೆಳಕನ್ನು ಮನೆಯೆಲ್ಲ ಹರಡುವ ಉಪಾಯವೂ ಆಗಿತ್ತು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ ಬಳಿದಾಗ, ಅದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನ ತೆಳುಪದರವಾಗುತ್ತದೆ. ಅದರ ಕ್ಷಾರಗುಣವು ಬೂಷ್ಟನ್ನು ತಡೆಯುತ್ತದೆ. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ. ತಿಳಿಗೊಳಿಸಲು ಸುಣ್ಣದ ನೀರಿಗೆ ಚಿಟಿಕೆಯಷ್ಟು ನೀಲಿ ಬೆರೆಸುತ್ತಿದ್ದುದು ಹಳದಿಯ ಛಾಯೆಯನ್ನು ಅಡಗಿಸಲೆಂದೇ.

ಅದೇ ಮನೆಗಳಲ್ಲಿ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದರು. ನೆಲ ಸಾರಿಸುವಾಗ ಸಿಡಿಯುವ ಕೊಳೆ, ಕುಳಿತವರ ಬೆನ್ನು, ಮಕ್ಕಳ ಕಾಲು ತಾಗುವ ಭಾಗ ಅದು. ಗಾಢಬಣ್ಣವು ಅಲ್ಲಿ ಮಾತ್ರ, ಅಗತ್ಯವಿದ್ದಷ್ಟು ಮಾತ್ರ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಹಿನ್ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆಗಳು ಒಳಮನೆಯ ಮಂದಬೆಳಕಿನಲ್ಲಿಯೂ ಎದ್ದು ತೋರುತ್ತವೆ. ತಿಳಿ, ಗಾಢಗಳು ಒಂದಕ್ಕೊಂದು ವಿರೋಧಿಗಳಲ್ಲದೆ ಒಂದನ್ನೊಂದು ಬೆಳಗಿಸುವ ಜೊತೆಗಾರರೆಂಬುದನ್ನು ಇದು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಡುತ್ತದೆ.

ಬಣ್ಣ ಮತ್ತು ಮಕ್ಕಳ ಮನಸ್ಸು

ಬಣ್ಣಗಳಿಗೆ ಮನಸ್ಸನ್ನು ಬದಲಾಯಿಸುವ ಅದ್ಭುತ ಶಕ್ತಿಯಿದೆಯೆಂಬ ಮಾತುಗಳನ್ನು ಎಚ್ಚರದಿಂದ ಸ್ವೀಕರಿಸಬೇಕು. 1979ರಲ್ಲಿ ಅಮೆರಿಕೆಯ ಒಂದು ಸೆರೆಮನೆಯ ಕೋಣೆಗೆ ಗುಲಾಬಿ ಬಣ್ಣ ಹಚ್ಚಿದಾಗ ಕೈದಿಗಳ ಉಗ್ರತೆ ತಗ್ಗಿತೆಂದು ಪ್ರಚಾರವಾಯಿತು. ಆದರೆ ಅನಂತರದ ಪರೀಕ್ಷೆಗಳು ಅದನ್ನು ದೃಢಪಡಿಸಲಿಲ್ಲ. ಹಳದಿಯಿಂದ ಬುದ್ಧಿ ಚುರುಕಾಗುವುದು, ನೀಲಿಯಿಂದ ಅಂಕ ಹೆಚ್ಚುವುದು ಎಂಬಂತಹ ಭರವಸೆಗಳನ್ನು ನಂಬಿ ಹಣ ವೆಚ್ಚ ಮಾಡಬೇಕಾಗಿಲ್ಲ.

ಆದರೂ ಕೊಠಡಿಯ ಸ್ಥಿತಿಗೂ ಕಲಿಕೆಗೂ ಸಂಬಂಧವಿಲ್ಲವೆಂದಲ್ಲ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 27 ಶಾಲೆಗಳ 153 ತರಗತಿಗಳಲ್ಲಿ 3766 ಮಕ್ಕಳನ್ನು ಅಭ್ಯಸಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಬೆಳಕು, ಉಷ್ಣತೆ, ಗಾಳಿ, ಬಣ್ಣ ಮುಂತಾದ ಭೌತಿಕ ಅಂಶಗಳೆಲ್ಲವೂ ಸೇರಿ, ಮಕ್ಕಳ ಒಂದು ವರ್ಷದ ಕಲಿಕೆಯ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ ಶೇಕಡಾ 16ರಷ್ಟಕ್ಕೆ ಕಾರಣವೆಂದು ಅವರು ಗಣಿಸಿದರು. ಬಣ್ಣದ ವಿಷಯದಲ್ಲಿ ಅವರ ನಿರ್ಣಯ ಗಮನಾರ್ಹವಾಗಿದೆ. ಎಲ್ಲೆಡೆ ಕಣ್ಣು ಕುಕ್ಕುವ ಬಣ್ಣವಿದ್ದ ಕೊಠಡಿಗಳೂ ಒಳ್ಳೆಯ ಫಲ ನೀಡಲಿಲ್ಲ; ಬಣ್ಣವೇ ಇಲ್ಲದೆ ಬರಿಬಿಳುಪಾಗಿದ್ದ ಕೊಠಡಿಗಳೂ ನೀಡಲಿಲ್ಲ. ಗೋಡೆಗಳು ತಿಳಿಯಾಗಿದ್ದು ಒಂದು ಗೋಡೆಗೆ ಮಾತ್ರ ಎದ್ದು ಕಾಣುವ ಬಣ್ಣವಿದ್ದ ಕೊಠಡಿಗಳು ಹೆಚ್ಚು ಅನುಕೂಲಕರವೆನಿಸಿದವು. ಇದಕ್ಕೆ ಒಂದು ವರ್ಷ ಮೊದಲು, 2014ರಲ್ಲಿ, ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಶಿಶುವಿಹಾರದ 24 ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಗಿತ್ತು. ಗೋಡೆ ತುಂಬ ಚಿತ್ರಪಟಗಳಿದ್ದ ಕೊಠಡಿಯಲ್ಲಿ ಮಕ್ಕಳ ಗಮನ ಹೆಚ್ಚು ಚದುರಿ, ಕಲಿಕೆ ಕಡಿಮೆಯಾದುದು ಅದರಲ್ಲಿ ಕಂಡುಬಂದಿತು. ಇದು ಸಣ್ಣ ಪ್ರಯೋಗವಾದರೂ, ಮಿತಿಯೇ ಹಿತವೆಂಬ ಶಿಕ್ಷಕರ ಅನುಭವಕ್ಕೆ ಹೊಂದುತ್ತದೆ.

ಖರ್ಚು, ಸೆಕೆ ಮತ್ತು ಆರೋಗ್ಯ

ಗಾಢಬಣ್ಣದಿಂದ ಖರ್ಚು ಉಳಿಯುತ್ತದೆ ಎಂಬ ವಾದವನ್ನು ಈಗ ಪರಿಶೀಲಿಸಬಹುದು. ಕೈಯ ಕೊಳೆ, ಎಣ್ಣೆಜಿಡ್ಡುಗಳು ಗಾಢಬಣ್ಣದಲ್ಲಿ ಕಾಣಿಸವು ಎಂಬುದು ನಿಜ. ಆದರೆ ಸೀಮೆಸುಣ್ಣದ ಧೂಳು, ಗೀರು, ಗೋಡೆಯಿಂದ ಉಕ್ಕುವ ಬಿಳಿಯ ಉಪ್ಪು ಅದರಲ್ಲಿಯೇ ಹೆಚ್ಚಾಗಿ ಕಾಣಿಸುತ್ತವೆ. ಮುಂದೊಮ್ಮೆ ತಿಳಿಬಣ್ಣಕ್ಕೆ ಬದಲಾಯಿಸಬೇಕಾದರೆ ಎರಡು ಮೂರು ಕೈ ಹೆಚ್ಚಾಗಿ ಬಳಿಯಬೇಕಾಗುತ್ತದೆ. ಮಬ್ಬಾದ ಕೊಠಡಿಯಲ್ಲಿ ಹಗಲೂ ದೀಪ ಉರಿಸಿ ವಿದ್ಯುತ್ತಿನ ಬಿಲ್ಲನ್ನು ತೆರಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಣದ ಕೊಳೆಯು ಇಲ್ಲದ ಕೊಳೆಯಲ್ಲ. ಕೊಳೆಯಾದದ್ದು ಕಣ್ಣಿಗೆ ಬಿದ್ದರೆ ತೊಳೆಯುವ ಬುದ್ಧಿ ಹುಟ್ಟುತ್ತದೆ. ನೆಲದಿಂದ ನಾಲ್ಕು ಅಡಿಯವರೆಗೆ, ಅಂದರೆ ಮಕ್ಕಳ ಕೈ, ಬೆನ್ನು ತಾಗುವ ಭಾಗಕ್ಕೆ ಮಾತ್ರ, ತೊಳೆಯಬಹುದಾದ ಮಧ್ಯಮ ಗಾಢತೆಯ ಬಣ್ಣವನ್ನು ಹಚ್ಚಿ ಮೇಲ್ಭಾಗವನ್ನು ತಿಳಿಯಾಗಿ ಬಿಟ್ಟರೆ ಎರಡೂ ಪ್ರಯೋಜನಗಳು ಸಿದ್ಧಿಸುತ್ತವೆ.

ಗಾಢಬಣ್ಣದ ಒಳಗೋಡೆಯಿಂದ ಕೊಠಡಿಯ ಸೆಕೆ ಹೆಚ್ಚುತ್ತದೆ ಎಂಬ ನಂಬಿಕೆಯೂ ಇದೆ. ಬಿಸಿಲಿಗೆ ತೆರೆದ ಹೊರಗೋಡೆ ಮತ್ತು ತಾರಸಿಯ ಬಣ್ಣವು ಸೆಕೆಯನ್ನು ನಿಶ್ಚಯವಾಗಿ ನಿರ್ಧರಿಸುತ್ತದೆ. ಅವುಗಳಿಗೆ ಬಿಳಿ ಬಳಿದರೆ ತಂಪು. ಒಳಗೋಡೆಯ ಬಣ್ಣದಿಂದಾಗುವ ವ್ಯತ್ಯಾಸ ಗಣನೆಗೆ ಬಾರದಷ್ಟು ಅಲ್ಪ. ಒಳಗಿನ ಬಣ್ಣವನ್ನು ಬೆಳಕಿಗಾಗಿ ಆರಿಸಬೇಕು, ಹೊರಗಿನದನ್ನು ಬಿಸಿಲಿಗಾಗಿ.

ಆರೋಗ್ಯದ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು. ಬಿಳಿಬಣ್ಣಕ್ಕೆ ಹಿಂದೆ ಸೀಸದ ಸಂಯುಕ್ತವನ್ನು ಬಳಸುತ್ತಿದ್ದರು. ನಿರಪಾಯಕರವಾದ ಟೈಟೇನಿಯಂ ಡೈ ಆಕ್ಸೈಡ್ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದೀಚೆಗೆ ಅದರ ಸ್ಥಾನವನ್ನು ಪಡೆಯತೊಡಗಿತು. ಆದರೆ ಉಜ್ಜ್ವಲವಾದ ಹಳದಿ, ಕೆಂಪು, ಕಿತ್ತಳೆ ಬಣ್ಣದ ಎನಾಮೆಲ್‌ಗಳಲ್ಲಿ ಸೀಸದ ಕ್ರೋಮೇಟ್ ಬಹುಕಾಲ ಉಳಿದುಕೊಂಡಿತು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಅವರು 1904ರಲ್ಲಿಯೇ ಮಕ್ಕಳ ಸೀಸದ ವಿಷಬಾಧೆಗೆ ಮನೆಯ ಬಣ್ಣವೇ ಮೂಲವೆಂದು ಗುರುತಿಸಿದ್ದರು. ಸೀಸವು ಬೆಳೆಯುವ ಮಗುವಿನ ಮೆದುಳಿಗೆ ಹಾನಿ ಮಾಡುತ್ತದೆ. ಆ ಹಾನಿಯನ್ನು ಸರಿಪಡಿಸಲಾಗದು. ಭಾರತದಲ್ಲಿ 2016ರ ನಿಯಮಗಳಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಕೂಡದು. ಈ ಮಿತಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಕೊಳ್ಳುವಾಗ ಡಬ್ಬಿಯ ಮೇಲೆ ಈ ವಿವರವನ್ನು ಓದುವುದು ಕೊಳ್ಳುವವರ ಕರ್ತವ್ಯ. ಅದಕ್ಕೆ ಹಿಂದಿನ ಕಾಲದ ಹಳೆಯ ಬಾಗಿಲು, ಕಿಟಕಿ, ಗೋಡೆಗಳ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಿ ಧೂಳೆಬ್ಬಿಸಬಾರದು; ಒದ್ದೆ ಮಾಡಿ ಉಜ್ಜಿ, ಕಸವನ್ನು ಒಟ್ಟುಗೂಡಿಸಿ, ಮಕ್ಕಳು ಮರಳುವ ಮೊದಲು ಕೊಠಡಿಯನ್ನು ಒದ್ದೆಬಟ್ಟೆಯಿಂದ ಒರೆಸಿರಬೇಕು.

ಕೊಠಡಿಗಳಿಗೆ ಅನುಗುಣವಾದ ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಈ ಕೆಳಗಿನ ಸೂಚನೆಗಳು ಫಲಿಸುತ್ತವೆ.

1. ತರಗತಿ ಕೊಠಡಿ: ಚಾವಣಿಗೆ ಹೊಳಪಿಲ್ಲದ ಬಿಳಿ, ಗೋಡೆಗೆ ಕೆನೆಬಣ್ಣ ಅಥವಾ ಯಾವುದಾದರೂ ತಿಳಿಬಣ್ಣ, ಕೆಳಗಿನ ನಾಲ್ಕು ಅಡಿಗೆ ತೊಳೆಯಬಹುದಾದ ಮಧ್ಯಮ ಬಣ್ಣ. ಕಿಟಕಿಯ ಗೋಡೆ ಅತ್ಯಂತ ತಿಳಿಯಾಗಿರಲಿ. ಕರಿಹಲಗೆಯ ಗೋಡೆ ಉಳಿದವುಗಳಿಗಿಂತ ತುಸು ಗಾಢವಾಗಿದ್ದರೆ ಹಲಗೆ ಮತ್ತು ಗೋಡೆಗಳ ನಡುವಣ ತೀವ್ರ ವೈಷಮ್ಯ ತಗ್ಗಿ ಕಣ್ಣು ಬಳಲುವುದಿಲ್ಲ.

2. ಗ್ರಂಥಾಲಯ: ಪುಸ್ತಕದ ಬೀರುಗಳೇ ಗಾಢವಾಗಿರುವುದರಿಂದ ಕಾಣುವಷ್ಟು ಗೋಡೆಯನ್ನೂ ಚಾವಣಿಯನ್ನೂ ಸಾಧ್ಯವಾದಷ್ಟು ತಿಳಿಯಾಗಿಡಬೇಕು.

3. ಪ್ರಸಾದ ನಿಲಯದ ಕೊಠಡಿ: ಅಲ್ಲಿ ಮಕ್ಕಳು ಮಲಗುವುದೂ ಉಂಟು, ರಾತ್ರಿ ಓದುವುದೂ ಉಂಟು. ಒಂದೆರಡು ದೀಪಗಳ ಬೆಳಕನ್ನು ಹಲವರು ಹಂಚಿಕೊಳ್ಳಬೇಕಾದ ಕಡೆ ತಿಳಿಗೋಡೆಯೇ ಮೂರನೆಯ ದೀಪ. ಕಣ್ಣಿಗೆ ತಂಪೆನಿಸಲು ತಿಳಿಹಸಿರು ಅಥವಾ ತಿಳಿನೀಲಿ ಸಾಕು.

4. ಅಡುಗೆಮನೆ ಮತ್ತು ಊಟದ ಮನೆ: ಕೊಳೆ ತಕ್ಷಣ ಕಾಣುವಂತೆ ತಿಳಿಬಣ್ಣವೇ ಇರಬೇಕು. ಇಲ್ಲಿ ಕೊಳೆಯನ್ನು ಮುಚ್ಚುವ ಬಣ್ಣವು ರೋಗವನ್ನು ಮುಚ್ಚುವ ಬಣ್ಣ.

5. ತೇವದ ಗೋಡೆ: ಯಾವ ಬಣ್ಣಕ್ಕಾದರೂ ಮೊದಲು ನೀರು ಸೋರುವುದನ್ನು ತಡೆಯಬೇಕು. ತೇವವಿರುವಾಗಲೇ ಎಣ್ಣೆಬಣ್ಣ ಹಚ್ಚಿದರೆ ಅದು ಹಪ್ಪಳದಂತೆ ಏಳುತ್ತದೆ. ಅಲ್ಲಿಯವರೆಗೆ ಸುಣ್ಣವೇ ಲೇಸು.

ತರಗತಿಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ

ಈ ತತ್ತ್ವವನ್ನು ಮಕ್ಕಳಿಗೆ ಮನದಟ್ಟು ಮಾಡಿಕೊಡಲು ಎರಡು ರಟ್ಟಿನ ಪೆಟ್ಟಿಗೆಗಳು ಸಾಕು. ಎರಡಕ್ಕೂ ಒಂದೇ ಅಳತೆಯ ಚಿಕ್ಕ ಕಿಟಕಿಯನ್ನು ಕತ್ತರಿಸಬೇಕು. ಒಂದರ ಒಳಮೈಗೆ ಬಿಳಿ ಕಾಗದವನ್ನೂ ಇನ್ನೊಂದರ ಒಳಮೈಗೆ ಕಪ್ಪು ಕಾಗದವನ್ನೂ ಅಂಟಿಸಬೇಕು. ಕಿಟಕಿಯಿಂದ ದೂರದ ಮೂಲೆಯಲ್ಲಿ, ನೇರ ಬೆಳಕು ತಾಗದಂತೆ, ವೃತ್ತಪತ್ರಿಕೆಯ ಒಂದೊಂದು ತುಣುಕನ್ನು ಇರಿಸಿ, ಮೇಲೆ ಕೊರೆದ ಸಣ್ಣ ರಂಧ್ರದಿಂದ ಓದಿ ನೋಡಬೇಕು. ಬಿಳಿ ಪೆಟ್ಟಿಗೆಯಲ್ಲಿ ಓದಲು ಬರುವ ಅಕ್ಷರ ಕಪ್ಪು ಪೆಟ್ಟಿಗೆಯಲ್ಲಿ ಮಸುಕಾಗುತ್ತದೆ. ಮೊಬೈಲ್ ದೂರವಾಣಿಯ ಬೆಳಕು ಅಳೆಯುವ ಸಾಧನವನ್ನು ಬಳಸಿ ಸ್ಥೂಲವಾದ ಅಂಕಿಗಳನ್ನೂ ಪಡೆಯಬಹುದು. ಭೌತವಿಜ್ಞಾನ, ಗಣಿತ ಮತ್ತು ದಿನನಿತ್ಯದ ಜೀವನ ಮೂರೂ ಒಂದೆಡೆ ಕೂಡುವ ಪಾಠವಿದು.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ತಿಳಿಬಣ್ಣವು ಬೆಳಕನ್ನು ಹಂಚುತ್ತದೆ. ಗಾಢಬಣ್ಣವು ಬೆಳಕಿನಲ್ಲಿ ಕಾಣಬೇಕಾದುದನ್ನು ಎತ್ತಿ ತೋರಿಸುತ್ತದೆ. ಕೊಠಡಿಯ ಬಹುಭಾಗ ಮೊದಲನೆಯದಕ್ಕೂ, ಹಲಗೆ, ಚೌಕಟ್ಟು, ಕೆಳಪಟ್ಟಿಗಳು ಎರಡನೆಯದಕ್ಕೂ ಸಲ್ಲುವುದು ಯೋಗ್ಯ. ಕೊಠಡಿಯನ್ನು ಕಟ್ಟಿಸಿಕೊಟ್ಟ ದಾನಿಗಳ ಹೆಸರು ಬಾಗಿಲಿನ ಮೇಲಿನ ಶಿಲಾಫಲಕದಲ್ಲಿ ಇರುತ್ತದೆ. ಆ ದಾನವು ಕಿಟಕಿಯ ಬಳಿಯ ಮಗುವಿಗೆ ತಲಪಿದಂತೆ ಒಳಮೂಲೆಯ ಮಗುವಿಗೂ ತಲಪಬೇಕಾದರೆ ವರ್ಷಕ್ಕೊಮ್ಮೆ ಗೋಡೆಯ ಧೂಳನ್ನು ಒರೆಸಿ, ಕೆಲವು ವರ್ಷಗಳಿಗೊಮ್ಮೆ ತಿಳಿಬಣ್ಣವನ್ನು ಬಳಿಸುವ ಸಣ್ಣ ಕೆಲಸ ತಪ್ಪದೆ ನಡೆಯಬೇಕು. ಮುಂದಿನ ಬೇಸಿಗೆಯಲ್ಲಿ ಬಣ್ಣದ ಮಾದರಿ ಪಟ್ಟಿಯನ್ನು ಬಿಡಿಸುವ ಮೊದಲು, ಶಿಕ್ಷಕರೂ ವ್ಯವಸ್ಥಾಪಕರೂ ಪ್ರತಿಯೊಂದು ಕೊಠಡಿಯ ಕಟ್ಟಕಡೆಯ ಬೆಂಚಿನಲ್ಲಿ ಐದು ನಿಮಿಷ ಕುಳಿತು ಒಂದು ಪುಟ ಓದಿ ನೋಡುವುದು ಒಳ್ಳೆಯದು. ಯಾವ ಬಣ್ಣವೆಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆಯುತ್ತದೆ.